ಮದುವಿ ಅಂದ್ರ ಔಷಧ ಅಲ್ಲ

ನಮ್ಮ ಆಲಮಟ್ಟಿ ಕಡೆ ಹುಡುಗ ಊಟ ಬಿಟ್ಟು, ಮಾತು ಬಿಟ್ಟು ಮೂಲ್ಯಾಗ ಕುಂತ್ರ ಹಿರಿಯರು ಹೇಳೋ ಮಾತು ಒಂದೇ: ‘ಒಂದು ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತದ.’ ಬೆಂಗಳೂರಿನ ಅಪಾರ್ಟ್‌ಮೆಂಟಿನವರೂ ಇದನ್ನೇ ಹೇಳ್ತಾರೆ, ಇಂಗ್ಲಿಷಿನಲ್ಲಿ. ಸಕ್ಕರೆ ಕಾಯಿಲೆ ಬಂದವನಿಗೆ ಯಾರೂ ಹೆಣ್ಣು ಹುಡುಕಿ ಗುಣ ಮಾಡಲು ಹೋಗುವುದಿಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರ ಯಾಕ್ರೀ ಈ ವೈದ್ಯ?

ಖಿನ್ನತೆ ಅಂದ್ರೆ ಬರೀ ಬೇಜಾರಲ್ಲ. ಎರಡು ವಾರ, ಅದಕ್ಕೂ ಹೆಚ್ಚು ದಿನ ಮನಸ್ಸು ಕುಸಿದಿರುತ್ತದೆ; ಯಾವುದರಲ್ಲೂ ರುಚಿ ಇಲ್ಲ, ನಿದ್ದೆ-ಹಸಿವು ಕೆಡುತ್ತದೆ, ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತದೆ. ಬೈಪೋಲಾರ್‌ನಲ್ಲಿ ಇನ್ನೊಂದು ತುದಿಯೂ ಉಂಟು: ಮೂರು ತಾಸು ಮಲಗಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಸಾಲ ಮಾಡಿ ಖರ್ಚು ಮಾಡ್ತಾರೆ. ಆ ಹೊತ್ತಿನಲ್ಲಿ ಹೆಣ್ಣಿನವರು ಬಂದರೆ ‘ಹುಡುಗ ಭಾಳ ಚುರುಕದಾನ’ ಅಂತ ಒಪ್ಪಿ ಹೋಗ್ತಾರೆ! ವಂಶವಾಹಿ, ಮಿದುಳಿನ ಕೆಲಸ, ಬದುಕಿನ ಒತ್ತಡ ಎಲ್ಲ ಸೇರಿ ಬರುವ ಕಾಯಿಲೆ ಇದು. ಅಕ್ಷತೆ ಬಿದ್ದ ಮಾತ್ರಕ್ಕೆ ಹೋಗುವುದಿಲ್ಲ.

ಉಲ್ಟಾ ಆಗುವುದೇ ಹೆಚ್ಚು. ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು. ನಮ್ಮ ಮದುವಿ ಅಂದ್ರ ನಿದ್ದೆಗೆಡೋದೇ. ಆಮೇಲೆ ಹೆಂಡತಿಗೆ ಗೊತ್ತಾಗಬಾರದು ಅಂತ ಗುಳಿಗೆ ಬಚ್ಚಿಡ್ತಾರೆ. ಬಚ್ಚಿಟ್ಟ ಗುಳಿಗೆ ತಪ್ಪುತ್ತದೆ, ಕಾಯಿಲೆ ಮರಳುತ್ತದೆ. ಹುಡುಗಿಗೇ ಕಾಯಿಲೆ ಇದ್ದರೆ ಇನ್ನೂ ಘೋರ. ಬೈಪೋಲಾರ್ ಇದ್ದವರಿಗೆ ಬಾಣಂತನದಲ್ಲಿ ಅದು ಮರುಕಳಿಸುವ ಅಪಾಯ ಹೆಚ್ಚು. ವಾಲ್‌ಪ್ರೊಯೇಟ್‌ನಂಥ ಔಷಧ ಹೊಟ್ಟೆಯೊಳಗಿನ ಕೂಸಿಗೆ ಹಾನಿ ಮಾಡಬಲ್ಲದು. ಬಸುರಿಗೆ ಮೊದಲೇ ಡಾಕ್ಟರ ಎದುರು ಗಂಡ-ಹೆಂಡತಿ ಕೂತು ಮಾತಾಡಬೇಕು. ಮುಚ್ಚಿಟ್ಟ ಮನ್ಯಾಗ ಆ ಮಾತು ಹೆಂಗ ನಡೀತದ?

‘ಹೇಳಿದ್ರ ಯಾರು ಹೆಣ್ಣು ಕೊಡ್ತಾರ?’ ಅಂತೀರಿ. ಆ ಭಯ ಸುಳ್ಳಲ್ಲ, ಕೆಲವು ಸಂಬಂಧ ತಪ್ಪಿಯೇ ತಪ್ಪುತ್ತವೆ. ಆದರೆ ನಿಶ್ಚಯಕ್ಕೆ ಮೊದಲು ತಪ್ಪಿದರೆ ಒಂದು ಸಂಬಂಧ, ಮದುವೆ ಆದಮೇಲೆ ಮುರಿದರೆ ಎರಡು ಜೀವ. ಕಾಯಿಲೆ ಇದ್ದವರು ಮದುವೆಯೇ ಆಗಬಾರದು ಅಂತಲ್ಲ. ಚಿಕಿತ್ಸೆ ತಗೊಂಡು ಸಂಸಾರ, ನೌಕರಿ ಎರಡೂ ಚೆಂದ ನಡೆಸುವವರಿದ್ದಾರೆ. 1949ರಲ್ಲಿ ಜಾನ್ ಕೇಡ್ ಉನ್ಮಾದಕ್ಕೆ ಕೊಟ್ಟು ನೋಡಿದ ಲಿಥಿಯಂ ಇವತ್ತಿಗೂ ಕೆಲಸ ಮಾಡುತ್ತದೆ. ಆಗಾಗ ರಕ್ತ ತಪಾಸಣೆ ಮಾಡಿಸಬೇಕು, ಅಷ್ಟೇ. ಖಿನ್ನತೆಯ ಗುಳಿಗೆ ಗುಣ ತೋರಿಸಲು ಕೆಲವು ವಾರ ಬೇಕು. ಬೈಪೋಲಾರ್‌ಗೆ ಅದೊಂದನ್ನೇ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು. ಅದಕ್ಕೇ ಅಂಗಡಿಯಿಂದ ತಂದು ನುಂಗುವಂತಿಲ್ಲ, ಮನೋವೈದ್ಯರೇ ಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಪುಕ್ಕಟೆ ಮಾತಾಡ್ತಾರೆ.

ಜಾತಕದಾಗ ಶನಿ ಎಲ್ಲಿ ಕುಂತಾನ ಅಂತ ಕೇಳೂದಕ್ಕ ನಮಗ ನಾಚಿಕಿ ಇಲ್ಲ. ‘ಏನರೆ ಗುಳಗಿ ತಗೋತೀರೇನು?’ ಅಂತ ಕೇಳೂದಕ್ಕ ಯಾಕ ನಾಚಿಕಿ?