ರಾಗಿ ಕಾಳಿನ ಜೊತೆ ಬರುವ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾ ಎಂದರೆ ರೋಗ ಎಂಬ ಮಾತು ನಮ್ಮ ಲ್ಯಾಬಿನಲ್ಲಿ ಇನ್ನೂ ಹೋಗಿಲ್ಲ. ಒಣಗಿದ ರಾಗಿ ಕಾಳಿನ ಮೇಲೂ ಒಳಗೂ ಅವು ಇರುತ್ತವೆ. ಮೊಳಕೆಯೊಡೆದಾಗ ಎಳೆ ಬೇರಿನಲ್ಲಿ ಮೊದಲು ಜಾಗ ಹಿಡಿಯುವ ಅವಕಾಶ ಇವಕ್ಕೇ, ಮಣ್ಣಿನವು ಆಮೇಲೆ. ಕೆಲವು ಬೇರು ಬೆಳೆಸುವ ಹಾರ್ಮೋನು ಕೊಡುತ್ತವೆ, ಕೆಲವು ಶಿಲೀಂಧ್ರ ತಡೆಯುತ್ತವೆ. ಎಲ್ಲವೂ ಒಳ್ಳೆಯವಲ್ಲ, ಒಪ್ಪೋಣ: ಎಲೆಕೋಸಿನ ಕಪ್ಪು ಕೊಳೆ ರೋಗ ಬೀಜದಿಂದಲೂ ಹರಡುತ್ತದೆ. ಆದರೂ ರಾಗಿ ಬಿತ್ತುವ ಮುನ್ನ ಬೀಜಕ್ಕೆ ಅಜೋಸ್ಪಿರಿಲಂ ಲೇಪಿಸಿ ಎಂದು ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ರೈತರಿಗೆ ಹೇಳುತ್ತದೆ. ರೈತರಿಗೆ ಹೇಳುವ ಪಾಠ ನಮಗೇಕೆ ಬೇಡ? ಮುಂದಿನ ಪ್ರಾಕ್ಟಿಕಲ್‌ನಲ್ಲಿ ತೆಳು ಬ್ಲೀಚಿನಲ್ಲಿ ಅದ್ದಿ ಚೆನ್ನಾಗಿ ತೊಳೆದ ರಾಗಿ ಒಂದು ತಟ್ಟೆಯಲ್ಲಿ, ಬರೀ ನೀರಲ್ಲಿ ನೆನೆದದ್ದು ಇನ್ನೊಂದರಲ್ಲಿ ಮೊಳೆಯಲಿ. ಹೊರಗಿನವು ಹೋದರೆ ಏನಾಗುತ್ತದೆಂದು 10 ದಿನ ಬೇರು ಅಳೆದು ನೋಡೋಣ. ರಾಗಿ ವಿಜಯನಗರದ ಯಾವ ಅಂಗಡಿಯಲ್ಲೂ ಸಿಗುತ್ತದೆ. ಜೀವಶಾಸ್ತ್ರದ ಮೇಡಂ ಒಪ್ಪಬೇಕಷ್ಟೇ.