ಕಂಪ್ಯೂಟರ್ ಕೊಳ್ಳುವ ಮುನ್ನ ಗೋಡೆಯ ಪ್ಲಗ್ ನೋಡಿ

ಶಹಾಪುರದ ಆಸುಪಾಸಿನ ಯಾವುದೋ ಒಂದು ಹಳ್ಳಿಯ ಮನೆ ಎಂದಿಟ್ಟುಕೊಳ್ಳಿ. ಹತ್ತಿ ಮಾರಿ ಬಂದ ಹಣದಲ್ಲಿ ಬೀಜ-ಗೊಬ್ಬರದ ಬಾಕಿ ತೀರಿಸಿ, ಸಾಲದ ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದು 40 ಸಾವಿರ ರೂಪಾಯಿ. ಮಗಳು ಬಿಸಿಎಗೆ ಸೇರಿದ್ದಾಳೆ, ತಮ್ಮ ಹತ್ತನೇ ತರಗತಿಯಲ್ಲಿದ್ದಾನೆ. ಇಬ್ಬರಿಗೂ ಸೇರಿ ಒಂದು ಕಂಪ್ಯೂಟರ್ ಬೇಕು. ಮಗಳ ಕೈಯಲ್ಲಿ ಯಾರೋ ಬರೆದುಕೊಟ್ಟ ಚೀಟಿ ಇದೆ. ಮೊದಲ ಸಾಲಿನಲ್ಲಿ ಪ್ರೊಸೆಸರ್, ಎರಡನೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್, ಮೂರನೆಯದರಲ್ಲಿ ಬಣ್ಣದ ದೀಪ ಮಿನುಗುವ ಗಾಜಿನ ಕ್ಯಾಬಿನೆಟ್. ತೀರಾ ಕೊನೆಗೆ ‘ಪವರ್ ಸಪ್ಲೈ - ಯಾವುದಾದರೂ’. ಯುಪಿಎಸ್‌ನ ಹೆಸರೇ ಇಲ್ಲ.

ಈ ಚೀಟಿಯಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಬೇರೆ ಊರಿನದು. ವಿದ್ಯುತ್ತು ಅಷ್ಟಾಗಿ ಏರಿಳಿಯದ, ಬೇಸಿಗೆ ಇಷ್ಟು ಸುಡದ ಜಾಗಕ್ಕೆ ಅದು ಹೊಂದೀತು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಕೊಳ್ಳುವವರು ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಏಕೆಂದರೆ ಇಲ್ಲಿ ಕಂಪ್ಯೂಟರಿನ ಆಯುಷ್ಯ ನಿರ್ಧರಿಸುವುದು ಪ್ರೊಸೆಸರಿನ ವೇಗಕ್ಕಿಂತ ಹೆಚ್ಚಾಗಿ ಕರೆಂಟು, ಕಾವು ಮತ್ತು ದೂಳು.

ಅದಕ್ಕೂ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ಓದುವ ಮಗು ಎಲ್ಲಿರುತ್ತದೆ? ಕಲಬುರಗಿಗೋ ಬೆಂಗಳೂರಿಗೋ ಹೋಗಿ ಹಾಸ್ಟೆಲ್ ಸೇರುವುದಾದರೆ ಡೆಸ್ಕ್‌ಟಾಪ್ ಬೇಡ, ಲ್ಯಾಪ್‌ಟಾಪೇ ಸರಿ. ಅದರೊಳಗೆ ಬ್ಯಾಟರಿಯೂ ಇರುತ್ತದೆ. ಆದರೆ ಮನೆಯಿಂದಲೇ ಕಾಲೇಜಿಗೆ ಓಡಾಡುವ ಮಕ್ಕಳಿಗೆ, ಒಂದು ಯಂತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುವ ಮನೆಗೆ, ಬಿಡಿಭಾಗ ಜೋಡಿಸಿದ ಡೆಸ್ಕ್‌ಟಾಪ್ ಲಾಭದ್ದು. ಕೆಟ್ಟದ್ದೊಂದನ್ನೇ ಬದಲಿಸಬಹುದು, ಸಾಲದ್ದೊಂದನ್ನೇ ಮುಂದೆ ಹೆಚ್ಚಿಸಬಹುದು. ಎತ್ತಿನ ಗಾಡಿಯ ಹಾಗೆ: ಗಾಲಿ ಸವೆದರೆ ಗಾಲಿ ಬದಲಿಸಿದರಾಯಿತು, ಗಾಡಿಯನ್ನೇ ಮಾರಬೇಕಿಲ್ಲ.

ಈಗ ಗೋಡೆಯ ಹತ್ತಿರ ಬರೋಣ. ಪ್ಲಗ್ಗಿನ ಮೂರು ತೂತುಗಳಲ್ಲಿ ಮೇಲಿನ ದೊಡ್ಡದು ಅರ್ತಿಂಗಿನದು. ಹಳೆಯ ಮನೆಗಳಲ್ಲಿ ಎಷ್ಟೋ ಸಲ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈಯೊಳಗೆ ವಿದ್ಯುತ್ತಿನ ಗದ್ದಲವನ್ನು ಸೋಸುವ ಪುಟ್ಟ ಕೆಪಾಸಿಟರ್‌ಗಳಿವೆ. ಸೋಸಿದ್ದನ್ನು ಅವು ನೆಲಕ್ಕೆ ಇಳಿಸಬೇಕು. ಇಳಿಯಲು ದಾರಿಯಿಲ್ಲದಿದ್ದರೆ ಮುಖ್ಯ ವೋಲ್ಟೇಜಿನ ಹೆಚ್ಚೂಕಡಿಮೆ ಅರ್ಧದಷ್ಟು ಕ್ಯಾಬಿನೆಟ್ಟಿನ ಲೋಹದ ಮೇಲೆಯೇ ಕೂರುತ್ತದೆ. ಬರಿಗಾಲಲ್ಲಿ ನಿಂತು ಮುಟ್ಟಿದರೆ ಜುಮ್ಮೆನ್ನುವುದು ಇದೇ. ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಅಷ್ಟಕ್ಕೇ ಅಪಾಯವಾಗದಿರಬಹುದು. ಆದರೆ ಪವರ್ ಸಪ್ಲೈ ಒಳಗೇ ಸುಟ್ಟು ಮುಖ್ಯ ತಂತಿ ಲೋಹಕ್ಕೆ ತಗುಲಿದ ದಿನ ಕಾಪಾಡಬೇಕಾದದ್ದು ಆ ಅರ್ತಿಂಗೇ. ಮಕ್ಕಳು ದಿನವೂ ಮುಟ್ಟುವ ಯಂತ್ರಕ್ಕೆ ಇದು ಚೌಕಾಸಿಯ ವಿಷಯವಲ್ಲ.

ಆದ್ದರಿಂದ ಮೊದಲ ಖರ್ಚು ಅಂಗಡಿಯಲ್ಲಲ್ಲ, ಮನೆಯಲ್ಲೇ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ತಿಂಗ್ ಪರೀಕ್ಷಿಸಬೇಕು, ಇಲ್ಲದಿದ್ದರೆ ಹಾಕಿಸಬೇಕು. ಮನೆಯ ಹೊರಗೆ ಅರ್ತಿಂಗ್ ಗುಂಡಿ ಇದ್ದರೂ ಬೇಸಿಗೆಯಲ್ಲಿ ಅದನ್ನು ಮರೆಯುವಂತಿಲ್ಲ. ಈ ಸೀಮೆಯ ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಬಿರಿದ ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯದು. ಅದಕ್ಕೇ ಹಿರಿಯ ಕೆಲಸಗಾರರು ಗುಂಡಿಗೆ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ಒಂದೆರಡು ಕೊಡ ನೀರು ಹಾಕಿ ಎನ್ನುವುದು.

ಎರಡನೆಯದು ಪವರ್ ಸಪ್ಲೈ, ಅಂಗಡಿಯವರ ಮಾತಿನಲ್ಲಿ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಉಳಿದೆಲ್ಲ ಭಾಗಗಳಿಗೂ ಉಣಿಸುವುದು ಇದರ ಕೆಲಸ. ಇದು ಕೆಡುವಾಗ ಒಂದೊಂದು ಸಲ ಮದರ್‌ಬೋರ್ಡನ್ನೂ ಜೊತೆಗೇ ಕರೆದೊಯ್ಯುತ್ತದೆ. ಅಗ್ಗದ ಕ್ಯಾಬಿನೆಟ್ಟಿನೊಂದಿಗೆ ಪುಕ್ಕಟೆ ಬರುವ ‘500 ವಾಟ್’ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಕೊಳ್ಳುವ ಮುನ್ನ ಅದರ ಪಕ್ಕದ ಚೀಟಿ ಓದಬೇಕು. ಅಲ್ಲಿ ‘100-240 ವೋಲ್ಟ್’ ಎಂದಿದ್ದರೆ ಉತ್ತಮ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿದರೂ ಅದು ತಾಳಿಕೊಳ್ಳುತ್ತದೆ. ಬರೀ ‘230 ವೋಲ್ಟ್’ ಎಂದಿದ್ದರೆ ಅಷ್ಟು ತಾಳಿಕೆ ಇರಲಿಕ್ಕಿಲ್ಲ. ‘80 ಪ್ಲಸ್’ ಎಂಬ ಗುರುತೂ ಇರಲಿ. ಎಳೆದುಕೊಂಡ ವಿದ್ಯುತ್ತಿನಲ್ಲಿ ಕನಿಷ್ಠ ಶೇಕಡಾ 80ರಷ್ಟನ್ನಾದರೂ ಕೆಲಸಕ್ಕೆ ಬಳಸುತ್ತದೆ, ಉಳಿದದ್ದು ಮಾತ್ರ ಕಾವಾಗಿ ಹೋಗುತ್ತದೆ ಎಂಬುದರ ಖಾತರಿ ಅದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ವಿದ್ಯಾರ್ಥಿಯ ಕಂಪ್ಯೂಟರ್ 150 ವಾಟ್ ದಾಟುವುದು ಅಪರೂಪ. ಹೆಸರುಳ್ಳ 400-450 ವಾಟ್‌ನದು ಧಾರಾಳವಾಯಿತು.

ಮೂರನೆಯದು ಯುಪಿಎಸ್. ಕರೆಂಟು ಹೋದಾಗ ಪವರ್ ಸಪ್ಲೈ ತನ್ನೊಳಗಿನ ಸಂಗ್ರಹದಿಂದ ಯಂತ್ರವನ್ನು ನಡೆಸಬಲ್ಲದು, ಆದರೆ ಸುಮಾರು 16 ಮಿಲಿಸೆಕೆಂಡುಗಳ ಕಾಲ ಮಾತ್ರ. ಅಂದರೆ ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಯುಪಿಎಸ್ ಕೈಗೆತ್ತಿಕೊಳ್ಳಬೇಕು. ‘ಮನೆಯಲ್ಲಿ ಇನ್ವರ್ಟರ್ ಐತಲ್ಲ, ಮತ್ತ್ಯಾಕ ಯುಪಿಎಸ್ಸು?’ ಎಂದು ಅಪ್ಪ ಕೇಳುವುದು ಸಹಜ. ಫ್ಯಾನು-ದೀಪಕ್ಕೆಂದು ಹಾಕಿದ ಇನ್ವರ್ಟರ್ ಬದಲಾವಣೆಗೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಫ್ಯಾನಿಗೆ ಅದು ತಿಳಿಯದು, ಕಂಪ್ಯೂಟರ್ ಮಾತ್ರ ಮುಗಿದೇಹೋಗಿರುತ್ತದೆ. ಕೆಲವು ಇನ್ವರ್ಟರ್‌ಗಳ ಹಿಂದೆ ‘ಯುಪಿಎಸ್’ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿ ಪರೀಕ್ಷಿಸಿ ನೋಡಬಹುದು. ಇಲ್ಲವಾದರೆ 600 ವಿಎ ಅಳತೆಯ ಸಣ್ಣ ಯುಪಿಎಸ್ ಸಾಕು. ಅದು ಕೊಡುವ ಹತ್ತು-ಹದಿನೈದು ನಿಮಿಷ ಕೆಲಸ ಮುಂದುವರಿಸಲಿಕ್ಕಲ್ಲ, ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚಲಿಕ್ಕೆ. ಅದರ ಬ್ಯಾಟರಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಇಷ್ಟಾದ ಮೇಲೆ ಪ್ರೊಸೆಸರ್. ವಿದ್ಯಾರ್ಥಿಯ ಪೈಥಾನ್, ಜಾವಾ, ಕಚೇರಿ ತಂತ್ರಾಂಶ, ವಿಡಿಯೊ ಪಾಠಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಅಡಗಿದ್ದರೆ ಆಯಿತು. 2021ರಲ್ಲಿ ಬಂದ ಎಎಂಡಿಯ ರೈಜನ್ 5 5600ಜಿ, 2022ರಲ್ಲಿ ಬಂದ ಇಂಟೆಲ್‌ನ ಕೋರ್ ಐ3-12100 ಇಂಥವು. ಮೊದಲನೆಯದಕ್ಕೆ ಆರು ಕೋರ್‌ಗಳು, ಎರಡನೆಯದಕ್ಕೆ ನಾಲ್ಕು. ಇಲ್ಲೊಂದು ಮೋಸ ಹೋಗುವ ಜಾಗವಿದೆ. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ, ಅಂದರೆ 12100ಎಫ್ ಎಂದಿದ್ದರೆ, ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೆಲೆ ಕಡಿಮೆಯೆಂದು ತಂದರೆ ಪರದೆಯಲ್ಲಿ ಏನೂ ಮೂಡದು. ಆಮೇಲೆ ಕಾರ್ಡ್ ಕೊಳ್ಳಲೇಬೇಕು, ಉಳಿಸಿದ್ದಕ್ಕಿಂತ ಹೆಚ್ಚು ಹೋಗುತ್ತದೆ.

ಮದರ್‌ಬೋರ್ಡು ಪ್ರೊಸೆಸರಿಗೆ ಹೊಂದಬೇಕು, ರ‍್ಯಾಮ್ ಮದರ್‌ಬೋರ್ಡಿಗೆ ಹೊಂದಬೇಕು. 5600ಜಿ ಕೂರುವುದು ಎಎಂ4 ಸಾಕೆಟ್‌ನಲ್ಲಿ, ಅದಕ್ಕೆ ಬೇಕಾದ್ದು ಡಿಡಿಆರ್4 ರ‍್ಯಾಮ್. ಐ3-12100ರ ಬೋರ್ಡುಗಳಲ್ಲಿ ಡಿಡಿಆರ್4ರವೂ ಇವೆ, ಡಿಡಿಆರ್5ರವೂ ಇವೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರದು. ಕೊರೆದ ಗಾಡಿಯೇ ಬೇರೆ ಬೇರೆ ಜಾಗದಲ್ಲಿದೆ. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಒಂದೇ ಸಮನೆ ಏರಿತು. ಕೃತಕ ಬುದ್ಧಿಮತ್ತೆಯ ದೈತ್ಯ ಗಣಕ ಕೇಂದ್ರಗಳು ಮೆಮರಿ ಚಿಪ್‌ಗಳನ್ನು ರಾಶಿರಾಶಿಯಾಗಿ ಕೊಂಡದ್ದೇ ಕಾರಣ. ಅಮೆರಿಕದಲ್ಲಿ ಕಟ್ಟುವ ಕಟ್ಟಡದ ಬಿಸಿ ಸುರಪುರದ ವಿದ್ಯಾರ್ಥಿಗೆ ತಟ್ಟುವುದೆಂದರೆ ಹೀಗೆ. ಹಣ ಸಾಲದಿದ್ದರೆ ಸದ್ಯಕ್ಕೆ 8 ಜಿಬಿಯ ಒಂದೇ ಕಡ್ಡಿ ಹಾಕಿಸಿ, ಎರಡನೆಯ ಸ್ಲಾಟನ್ನು ಖಾಲಿ ಬಿಡುವುದು ಜಾಣತನ. ಬೆಲೆ ಇಳಿದಾಗ ಅಂಥದೇ ಇನ್ನೊಂದು ಸೇರಿಸಿದರೆ 16 ಜಿಬಿ ಆಗುವುದಷ್ಟೇ ಅಲ್ಲ, ಒಳಗಿನ ಗ್ರಾಫಿಕ್ಸಿನ ವೇಗವೂ ಹೆಚ್ಚುತ್ತದೆ. ಸಂಗ್ರಹಕ್ಕೆ 500 ಜಿಬಿಯ ಎಸ್‌ಎಸ್‌ಡಿ ಇರಲಿ. ಹಳೆಯ ಬಗೆಯ ತಿರುಗುವ ಡಿಸ್ಕ್ ಬೇಡ.

ಇನ್ನು ಕಾವು ಮತ್ತು ದೂಳು. ಏಪ್ರಿಲ್-ಮೇ ತಿಂಗಳಲ್ಲಿ ಈ ಜಿಲ್ಲೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಂಪ್ಯೂಟರಿನ ಫ್ಯಾನು ಕೋಣೆಯ ಗಾಳಿಯನ್ನೇ ಒಳಗೆಳೆದು ತಂಪು ಮಾಡಬೇಕು. 25 ಡಿಗ್ರಿಯ ಕೋಣೆಯಲ್ಲಿ 65ಕ್ಕೆ ನಿಲ್ಲುವ ಪ್ರೊಸೆಸರ್ 42 ಡಿಗ್ರಿಯ ಕೋಣೆಯಲ್ಲಿ ಸರಿಸುಮಾರು 82ಕ್ಕೆ ಏರುತ್ತದೆ. ತೀರಾ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹೆಚ್ಚು ಹಣ ಕೊಟ್ಟು ತಂದ ವೇಗ ಹೀಗೆ ಗಾಳಿಗೆ ಹೋಗುತ್ತದೆ. ಆದ್ದರಿಂದ ಮುಂಭಾಗ ಗಾಜಿನದಾಗಿರುವ ಕ್ಯಾಬಿನೆಟ್ ಬಿಟ್ಟು, ಜಾಲರಿ ಇರುವುದನ್ನು ಆರಿಸಬೇಕು. ಜಾಲರಿಯ ಹಿಂದೆ ಬಿಚ್ಚಿ ತೊಳೆಯಬಹುದಾದ ದೂಳುಸೋಸುಕ ಇದ್ದರೆ ಇನ್ನೂ ಒಳ್ಳೆಯದು. ಯಂತ್ರವನ್ನು ಪರಸಿ ಕಲ್ಲಿನ ನೆಲದ ಮೇಲೆ ಇಡದೆ ಒಂದು ಸ್ಟೂಲಿನ ಮೇಲಿಟ್ಟರೆ, ಕಸ ಗುಡಿಸುವಾಗ ಏಳುವ ದೂಳು, ಹತ್ತಿಯ ಎಳೆ ಒಳಗೆ ಸೇರುವುದು ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಒರೆಸಿದರೆ ಅದೇ ದೊಡ್ಡ ಸೇವೆ.

ಹಾಗಾದರೆ ಹಣ ಹಂಚುವುದು ಹೇಗೆ? ಬೆಲೆಗಳು ವಾರಕ್ಕೊಮ್ಮೆ ಬದಲಾಗುವುದರಿಂದ ನೂರು ರೂಪಾಯಿಯ ಲೆಕ್ಕ ಸುಲಭ. ಪವರ್ ಸಪ್ಲೈ ಮತ್ತು ಯುಪಿಎಸ್‌ಗೆ 15, ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ 40, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ 22, ಮಾನಿಟರ್‌ಗೆ 15, ಕ್ಯಾಬಿನೆಟ್, ಕೀಲಿಮಣೆ, ಮೌಸ್‌ಗೆ 8. ರ‍್ಯಾಮ್ ತುಟ್ಟಿಯಾದರೆ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಬಹುದು, ಮೊದಲ 15ಕ್ಕೆ ಮಾತ್ರ ಕೈ ಹಾಕಬಾರದು.

ಎಲ್ಲಿ ಕೊಳ್ಳುವುದು? ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆ ಬಿಡಿಭಾಗಗಳಿಗೆ ಹೆಸರಾದವು. ಅಲ್ಲಿ ಆಯ್ಕೆ ಹೆಚ್ಚು, ಬೆಲೆಯಲ್ಲಿ ಸ್ವಲ್ಪ ಉಳಿತಾಯವೂ ಆದೀತು. ಆದರೆ ವಾರಂಟಿ ಎಂಬುದು ದೂರದ ಮೇಲೆ ನಿಂತಿದೆ. ಕೆಟ್ಟ ಬೋರ್ಡ್ ಹಿಡಿದು ಸುರಪುರದಿಂದ ಹೈದರಾಬಾದಿಗೆ ಎರಡು ಸಲ ಹೋಗಿಬಂದರೆ, ಬಸ್ಸಿನ ಖರ್ಚು ಮತ್ತು ಕೆಲಸ ತಪ್ಪಿದ ದಿನಗಳ ಕೂಲಿಯಲ್ಲಿ ಆ ಉಳಿತಾಯ ಕರಗಿರುತ್ತದೆ. ಊರಿನ ಅಂಗಡಿಯವರು ತುಸು ಹೆಚ್ಚು ಕೇಳಿದರೂ ತಾವೇ ವಾರಂಟಿಗೆ ಕಳಿಸಿ ತರಿಸಿಕೊಡುವುದಾದರೆ ಅದು ದುಬಾರಿಯಲ್ಲ. ಎಲ್ಲೇ ಕೊಂಡರೂ ಶೇಕಡಾ 18ರ ಜಿಎಸ್‌ಟಿ ಸೇರಿದ ಬಿಲ್ಲು, ಅದರಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಇರಲೇಬೇಕು. ‘ಬಿಲ್ಲಿಲ್ಲದಿದ್ದರ ಕಡಿಮಿ ಆಗ್ತದ’ ಎಂಬ ಮಾತಿಗೆ ಮರುಳಾದರೆ ವಾರಂಟಿಯೂ ಇಲ್ಲ.

ಹಳೆಯ ಕಚೇರಿ ಕಂಪ್ಯೂಟರುಗಳೂ ಅಗ್ಗಕ್ಕೆ ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕೂ ಈಚಿನದು ಬೇಕು. ನಾಲ್ಕನೇ ತಲೆಮಾರಿನ ಐ5 ಎಷ್ಟೇ ಹೊಳೆದರೂ ಅದಕ್ಕೆ ಉಚಿತ ಲಿನಕ್ಸೇ ಗತಿ. ಓದಿಗೆ ಅದೇನೂ ಕೊರತೆಯಲ್ಲ, ಕನ್ನಡವೂ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಕೈಯಲ್ಲಿ ಹಣವೇ ಇಲ್ಲದವರು ಬ್ಯಾಂಕಿನಲ್ಲಿ ಕೇಳಿ ನೋಡಬೇಕು. ಕೋರ್ಸಿಗೆ ಅಗತ್ಯವಿದ್ದರೆ ಶಿಕ್ಷಣ ಸಾಲದಲ್ಲಿ ಕಂಪ್ಯೂಟರಿನ ಖರ್ಚನ್ನೂ ಸೇರಿಸಲು ಅವಕಾಶವಿದೆ.

ಮತ್ತೆ ಆ ಶಹಾಪುರದ ಕಡೆಯ ಮನೆಗೆ ಬಂದರೆ, ಮಗಳು ಚೀಟಿಯನ್ನು ತಿರುಗಿಸಿ ಬರೆಯುತ್ತಾಳೆ ಎಂದುಕೊಳ್ಳಿ. ಗ್ರಾಫಿಕ್ಸ್ ಕಾರ್ಡಿನ ಸಾಲು ಅಳಿಸಿಹೋಗುತ್ತದೆ. ತಮ್ಮನ ಮುಖ ಒಂದು ದಿನ ಸಪ್ಪಗಾದೀತು. ಆದರೆ ಮೇ ತಿಂಗಳ ಒಂದು ಮಧ್ಯಾಹ್ನ, ಪ್ರಾಜೆಕ್ಟ್ ಒಪ್ಪಿಸಲು ಎರಡೇ ದಿನ ಇರುವಾಗ, ಫ್ಯಾನು ಥಟ್ಟನೆ ನಿಲ್ಲುತ್ತದೆ. ಯುಪಿಎಸ್ ಬೀಪ್ ಎನ್ನುತ್ತದೆ. ಅವಳು ಬರೆದದ್ದನ್ನು ಉಳಿಸಿ, ಯಂತ್ರ ಮುಚ್ಚಿ, ನೀರು ಕುಡಿಯಲು ಏಳುತ್ತಾಳೆ. ಒಂದು ಬೆಳೆಯ ಹಣ ಸಾರ್ಥಕವಾಗುವುದು ಇಂಥ ಹೊತ್ತಿನಲ್ಲೇ.