ಮೇಜಿನ ನಡುವಿನ ಕೆಂಡ

ಮಕ್ಕಳ ಹಟಕ್ಕೆ ಸೋತು ಕಳೆದ ಜನವರಿಯಲ್ಲಿ ನಮ್ಮ ಬಡಾವಣೆಯ ಬಾರ್ಬೆಕ್ಯೂ ಹೊಟೇಲಿಗೆ ಹೋದೆವು. ಮೇಜಿನ ನಡುವೆ ಕುಳಿ, ಅದರಲ್ಲಿ ನಿಗಿನಿಗಿ ಕೆಂಡ. ಸಲಾಕೆಗೆ ಪೋಣಿಸಿದ ಪನೀರು, ಅನಾನಸು! ವಿಜಾಪುರ ಬಿಟ್ಟು ನಮ್ಮಲ್ಲಿಗೆ ಬಂದಿರುವ ತಂದೆಯವರು ಎರಡು ತುಂಡು ತಿಂದು, “ಕೆಂಡ ಛಲೋ ಅದ” ಎಂದಷ್ಟೇ ನುಡಿದರು. ಪುಣೆಗೆ ಬಂದ ಮೇಲೆ ಅವರ ಮಾತೇ ಕಡಿಮೆಯಾಗಿದೆಯೆಂದು ನನಗೆ ಹೊಳೆದದ್ದು ಆಗಲೇ.

ಮುಂದಿನ ರವಿವಾರ ಅವರನ್ನು ಸೊಲ್ಲಾಪುರ ರಸ್ತೆಯ ಹೊಲವೊಂದಕ್ಕೆ ಕರೆದೊಯ್ದೆ. ಚಳಿಗಾಲದಲ್ಲಿ ಅಲ್ಲಿ ತಲೆಗಿಷ್ಟೆಂದು ಹಣ ಪಡೆದು ಹುರ್ಡಾ ತಿನ್ನಿಸುತ್ತಾರೆ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹುದುಗಿಸಿ, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತಿನ್ನಬೇಕು. ತೆನೆ ಬಲಿತರೆ ಹದ ಹೋಯಿತು. ಆ ಹದ ನಿಲ್ಲುವುದು ಕೆಲವೇ ದಿನ. ಇದಕ್ಕೆಂದೇ ಗುಳಭೆಂಡಿಯೆಂಬ ಸಿಹಿ ಜಾತಿಯನ್ನು ಬಿತ್ತುವುದುಂಟು. ನಮ್ಮ ರೊಟ್ಟಿಯ ಮಾಲದಂಡಿ ಬೇರೆ.

“ಅಜ್ಜಾ, ಹುರ್ಡಾ ತೊಗೊ” ಎಂದ ಮಗ.

“ಹುರ್ಡಾ ಅಲ್ಲೋ, ಸೀತನಿ ಅನ್ನು” ಎನ್ನುತ್ತ ತಂದೆಯವರು ಧೋತರ ಎತ್ತಿಕಟ್ಟಿ ಕುಳಿಯ ಬಳಿ ಕುಕ್ಕರಿಸಿದರು. ಸುಡುತ್ತಿದ್ದ ಹುಡುಗನ ಕೈಯಿಂದ ತೆನೆ ತೆಗೆದುಕೊಂಡು, “ಇನ್ನೂ ಹಸಿ ಅದ” ಎಂದು ಮತ್ತೆ ಬೂದಿಗೆ ತಳ್ಳಿದರು. ಅವನಿಗೆ ಕನ್ನಡ ಬಾರದು, ಇವರ ಮರಾಠಿ ಅಷ್ಟಕ್ಕಷ್ಟೆ. ಆದರೂ ಅರ್ಧ ತಾಸು ಇಬ್ಬರೂ ಕೂಡಿಯೇ ಸುಟ್ಟರು. (ಶೇಂಗಾ ಚಟ್ನಿಯೇನೋ ಇತ್ತು, ಗುರೆಳ್ಳಿನದು ಇರಲಿಲ್ಲ, ಅದೊಂದು ಕೊರತೆ.)

ಹಿಂದಿರುಗುವಾಗ ಹಡಪ್ಸರ ಬರುವತನಕ ಅವರದೇ ಮಾತು: ಹೊಲ, ಸುಗ್ಗಿ, ಬರಗಾಲದಲ್ಲಿ ಮಾರಿದ ಎತ್ತು. ನಡುವೆ ಮಗ ಕೇಳಿದ:

“ಅಜ್ಜಾ, ಆ ಎತ್ತಿನ ಹೆಸರೇನಿತ್ತು?”